ಅರ್ಧ ಗಾಳಿ

ಲಾಲ್ಜಿಭಾಯಿಗೆ ನಾನೇ ಹೋಗಿ ಹೇಳಿದೆ:
ನನಗಿನ್ನು ಕೊಡಬೇಡಿ.
ತಕ್ಕಡಿಯಿಂದ ಕಣ್ಣೆತ್ತದೆ ಕೇಳಿದ, ಏನು ಕೊಡಬಾರದು?
ಬೆರಳು ತೋರಿಸಿದೆ.
ಅವನ ತಲೆಯ ಮೇಲೆ ತೋರಣದ ಹಾಗೆ
ಕೆಂಪು, ಹಳದಿ, ನೇರಳೆ,
ಹೊಟ್ಟೆಯುಬ್ಬಿಸಿಕೊಂಡು ಫ್ಯಾನಿನ ಗಾಳಿಗೆ
ತೂಗುತ್ತಿದ್ದವು.
ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.
ಉದ್ರಿ ಪುಸ್ತಕದಲ್ಲಿ ನನ್ನ ಪುಟ ತೆಗೆದು
ಅಡ್ಡಗೆರೆ ಎಳೆದ.

ಹನ್ನೊಂದು ವರ್ಷ.
ಘಾಟ್ಕೋಪರಿನಿಂದ ಡೊಂಬಿವಲಿಗೆ
ಹೆಂಗಸರ ಡಬ್ಬಿಯಲ್ಲಿ ಒಂಟಿಕಾಲ ಮೇಲೆ ನಿಂತು,
ಪರರ ಬೆವರನ್ನೇ ಉಸಿರಾಡಿ ಬಂದವಳು
ಇಳಿದೊಡನೆ ಹತ್ತು ರೂಪಾಯಿಗೆ
ಗಾಳಿ ಕೊಳ್ಳುತ್ತಿದ್ದೆ.
ಮೂಲೆ ಹರಿದಾಗ ಆ ಒಂದು ಫುಸ್—
ಇಡೀ ದಿನದಲ್ಲಿ ನನಗೋಸ್ಕರ
ಯಾರೋ ಬಿಟ್ಟ ನಿಟ್ಟುಸಿರು ಅದೊಂದೇ.

ಆಮೇಲೆ ಅಡಗಿಸುವ ಜಾಗಗಳು.
ನೆಂಟರು ಬಂದಾಗಷ್ಟೇ ಅಟ್ಟದಿಂದಿಳಿಯುವ ದೊಡ್ಡ ಕುಕ್ಕರು,
ಗಣಪತಿಯ ಮಿಣುಕುದೀಪದ ಪೆಟ್ಟಿಗೆ,
ಮಗಳ ಹಳೆಯ ಶಾಲೆಚೀಲ.
ಗಂಡನಿಗೆ ಗೊತ್ತಾಗಲಿಲ್ಲ. ಅಶ್ವಿತಾ ಹಿಡಿದಳು:
ಅಮ್ಮ, ನಿನ್ನ ಕರಿಮಣಿ
ಕಿತ್ತಳೆಯಾಗಿದೆ.

ಕುಡಿತವಾಗಿದ್ದರೆ ಜನ ದನಿ ತಗ್ಗಿಸುತ್ತಿದ್ದರು.
ಇದಕ್ಕೆ ನಗುತ್ತಾರೆ.
ಬಾಯಿ ಕಟ್ಟಿದರಾಯಿತಪ್ಪ, ಅಂದಳು ನಾದಿನಿ ಫೋನಿನಲ್ಲಿ.
ಕಟ್ಟಿಡಲು ಬಾಯೇನು ಅಕ್ಕಿಮೂಟೆಯೇ?
ಅವಳ ಬದಿಯಲ್ಲೂ ಏನೋ ಕುರುಕುರು ಕೇಳುತ್ತಿತ್ತು.

ಮೂರನೇ ದಿನ ತಲೆ ಸಿಡಿಯಿತು.
ಅನ್ನ ಒದ್ದೆ ಕಾಗದ, ಸಾರು ಬರಿ ಬಿಸಿನೀರು.
ಪಕ್ಕದ ಮನೆಯ ಕುಂದಾತಾಯಿ ಜೋಳದ ಭಾಕರಿ ಕೊಟ್ಟರು;
ಅರ್ಧಕ್ಕೇ ದವಡೆ ಸೋತಿತು.
ಬಾಯಲ್ಲಿ ತಾನಾಗಿ ಕರಗುವುದನ್ನೇ ತಿಂದು ತಿಂದು
ಅಗಿಯುವುದು ಮರೆತೇಹೋಗಿತ್ತು ಮಾರಾಯರೇ,
ನಲವತ್ನಾಲ್ಕು ವರ್ಷದ ಹೆಂಗಸಿಗೆ.

ಒಂಬತ್ತನೇ ರಾತ್ರಿ ಬಿದ್ದೆ.
ಡ್ರಾಯರಿನ ಹಿಂದುಗಡೆ, ಮೇಣದಬತ್ತಿ ಚೂರುಗಳ ನಡುವೆ
ಅವಧಿ ಮುಗಿದ ನೂಡಲ್ಸ್ ಮಸಾಲೆಯ ಪೊಟ್ಟಣ.
ದೀಪ ಹಾಕಲಿಲ್ಲ.
ಬೆರಳು ಒದ್ದೆ ಮಾಡಿ ಮಾಡಿ ನೆಕ್ಕಿದೆ.
ಮುಗಿದ ಮೇಲೆ ಪೊಟ್ಟಣವನ್ನೂ ಅಗಿದೆ.

ಬೆಳಿಗ್ಗೆ ಮಗಳಿಗೆ ಹೇಳಿದೆ.
ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ
ಅವಳು ಪುನಃ ಒಂದು ಬರೆಯುವಳೆಂದು ಕಾದೆ.
ಹತ್ತು ಅಂತ ಬರೆದು
ಕಾಲೇಜಿಗೆ ಹೊರಟಳು.

ಕಷ್ಟ ಇರುವುದು ರಾತ್ರಿ ಎಂಟೂಮುಕ್ಕಾಲರಿಂದ ಒಂಬತ್ತೂಕಾಲರವರೆಗೆ.
ಹಸಿವಲ್ಲ ಅದು. ಕೈಗಳಿಗೆ ಕೆಲಸ ಬೇಕು.
ಹಸಿ ಶೇಂಗಾ ಬಂದಿತ್ತು ಸಂತೆಗೆ, ಮಣ್ಣು ಸಮೇತ.
ಉಪ್ಪು ಹಾಕಿ ಬೇಯಿಸಿ, ನೆಲಕ್ಕೆ ಪೇಪರು ಹಾಸಿ ಕೂತೆ.
ಒಂದೊಂದಕ್ಕೂ ಬಾಗಿಲು.
ಒಂದೊಂದನ್ನೂ ನಾನೇ ತೆರೆಯಬೇಕು.
ಕೆಲವದರೊಳಗೆ ಏನೂ ಇಲ್ಲ, ಬರಿ ಗಾಳಿ.
ಆದರೆ ತೂಕ ಮಾಡಿ ತಂದದ್ದಲ್ಲವೇ,
ಆ ಗಾಳಿಗೆ ನಾನು ದುಡ್ಡು ಕೊಟ್ಟಿಲ್ಲ.

ಯಾವ ದಿನವೋ, ಲೆಕ್ಕ ತಪ್ಪಿದ ಮೇಲೆ,
ದಿವಾ ದಾಟುವಾಗ ಪಕ್ಕದವಳು ಡಬ್ಬಿ ಬಿಚ್ಚಿ
ಸೌತೆಕಾಯಿಯ ಹೋಳೊಂದು ಕೈಗಿಟ್ಟಳು.
ಉಪ್ಪಿಲ್ಲ, ಖಾರವಿಲ್ಲ.
ಕಚ್ಚಿದೆ.
ಸೌತೆಗೆ ರುಚಿಯಿತ್ತು.
ಅದರೊಳಗಿನ ನೀರಿಗೆ ಬೇರೆ, ಬೀಜಕ್ಕೆ ಬೇರೆ,
ಸಿಪ್ಪೆಯ ಕಹಿ ಅಂಚಿಗೆ ಮತ್ತೂ ಬೇರೆ.
ಇಷ್ಟು ದಿನ ಇವೆಲ್ಲ ಎಲ್ಲಿದ್ದವು ಅಂತ
ಕೇಳಿಯೇಬಿಟ್ಟೆ, ಗಟ್ಟಿಯಾಗಿ, ಕನ್ನಡದಲ್ಲಿ.
ಕಾಯ್ ಝಾಲಂ? ಅಂದಳು.
ಏನಿಲ್ಲ ಅಂದೆ.

ನಿನ್ನೆ ಉಪ್ಪು ತರಲು ಹೋಗಿದ್ದೆ.
ಅಂಗಡಿಗೆ ಹೊಸ ಹುಡುಗ. ಐದು ರೂಪಾಯಿ ಚಿಲ್ಲರೆಯಿಲ್ಲವೆಂದು
ಚಿಕ್ಕದೊಂದು ಕೆಂಪು ಪ್ಯಾಕೆಟ್ಟು ಹರಿದು ಮುಂದಿಟ್ಟ.
ಲಾಲ್ಜಿಭಾಯಿ ಏನೂ ಹೇಳದೆ
ಅದನ್ನು ಹಿಂದಕ್ಕೆಳೆದುಕೊಂಡು
ಅಂಗಿ ಜೇಬು ತಡಕಾಡಿ, ಚಡ್ಡಿ ಜೇಬು ತಡಕಾಡಿ
ದೇವರ ಪಟದ ಮುಂದಿದ್ದ ನಾಣ್ಯವೆತ್ತಿ ಕೊಟ್ಟ.

ಮೆಟ್ಟಿಲು ಹತ್ತುವಾಗ ಅದಿನ್ನೂ ಮುಷ್ಟಿಯಲ್ಲಿತ್ತು,
ಕುಂಕುಮ ಮೆತ್ತಿಕೊಂಡು.
ಸುಳ್ಳೇಕೆ ಹೇಳಲಿ,
ಬಾಯಲ್ಲಿ ನೀರೂ ಇತ್ತು.