ದಿ.

ಎಂಟು ದಿನ ಬಾಯಿಪಾಠ ಮಾಡಿದ್ದೆ.
ಅವ್ವ ರೊಟ್ಟಿ ಬಡಿಯೋ ತಾಳಕ್ಕ,
ಸೈಕಲ್ ಮ್ಯಾಲ, ಗದಗ ಸ್ಟೇಷನ್ನಿನಿಂದ ಬೆಟಗೇರಿ ತನಕ
ತುಟಿ ಅಲಗಿಸಿಕೋತ:
'ದಿವಂಗತ ತುಳಜಾಸಾ ಬಾಕಳೆಯವರ ಸ್ಮರಣಾರ್ಥ
ಅವರ ಚಿರಂಜೀವಿ ಶ್ರೀ ವಿಠ್ಠಲಸಾ ಬಾಕಳೆಯವರು
ಇರಿಸಿರುವ ದತ್ತಿ ಬಹುಮಾನ…'

ಹೊಂಬಳ ಸರ್ ಬರೆದು ಕೊಟ್ಟ ಚೀಟಿಯೊಳಗ
ಬರೀ 'ದಿ.' ಅಂತಿತ್ತು.
ಒಂದು ಅಕ್ಷರ, ಒಂದು ಚುಕ್ಕಿ.
ಮುಂದ ಅಂಕಿ ಬಂದರ ತಾರೀಖು,
ಹೆಸರು ಬಂದರ ತಾರೀಖು ಮುಗಿದವ.
ನೀನಽ ಬಿಡಿಸಿ ಓದಬೇಕು ದಾವಲ, ಅಂದಿದ್ದರು.

ಗ್ಯಾದರಿಂಗಿನ ದಿನ
ಅಣ್ಣನ ಪ್ಯಾಂಟಿಗೆ ನನ್ನ ನಡಾ ಸಾಲದ
ಪಿನ್ನು ಹಚ್ಚಿಕೊಂಡು ಹತ್ತಿದೆ.
ಮೈಕು ಕುಂಯ್ ಅಂತು.
ಅದು ಕುಂಯ್ ಅಂದದ್ದಽ ತಡ
ಎಂಟು ದಿನದ ಬಾಯಿಪಾಠ ಒಳಗಽ ಪಲ್ಟಿ ಹೊಡೀತು:

'ದಿವಂಗತ ವಿಠ್ಠಲಸಾ ಬಾಕಳೆಯವರು
ಈ ವೇದಿಕೆಯ ಮೇಲೆ ಉಪಸ್ಥಿತರಿದ್ದಾರೆ.'

ಇದ್ದರು.
ಸುಗಂಧರಾಜದ ಮಾಲಿ ಕೊರಳೊಳಗ.
ಸರಸ್ವತಿ ಫೋಟೋಕ್ಕ ಹಚ್ಚಿದ ಊದಿನಕಡ್ಡಿ ಹೊಗಿ
ಗಾಳಿಗೆ ಸರದು ನೆಟ್ಟಗ ಅವರ ಕಡೆ ಹೊಂಟಿತ್ತು.
ಮುಂದಿನ ಸಾಲಿನೊಳಗ ಅವರ ಮನಿಯವರು
ತಾಳಿ ಮುಟ್ಟಿ ನೋಡಿಕೊಂಡರು.

ಒಂದು ಗಳಿಗಿ ಯಾರೂ ನಗಲಿಲ್ಲ.
ಅಷ್ಟಕ್ಕ ಬಿಟ್ಟಿದ್ದರ ಪಾರಾಗತಿದ್ದೆ.
ತಿದ್ದಾಕ ಹೋದೆ:
'ಕ್ಷಮಿಸಬೇಕು, ಅವರು ಇನ್ನೂ ತೀರಿಕೊಂಡಿಲ್ಲ.'

ಆ 'ಇನ್ನೂ' ಎಲ್ಲಿತ್ತೋ,
ಚೀಟಿಯೊಳಗಂತೂ ಇರಲಿಲ್ಲ.
ಎಂಟನೇತ್ತೆ ಹುಡುಗ್ಯಾರ ಸಾಲಿನಿಂದ ಸುರುವಾಗಿ
ಶಾಮಿಯಾನಾದ ಕಂಬ ಅಲಗೋ ಹಂಗ ನಗಿ.
ಬಾಡಿಗಿ ಕುರ್ಚಿ ಎರಡು ಮುರದುವು ಅಂತ
ಆಮ್ಯಾಲ ಬಿಲ್ಲು ಬಂತಂತ.
ಹೊಂಬಳ ಸರ್ ಚಸ್ಮಾ ತಗದು ಒರಸಿಕೋತಽ ಇದ್ದರು,
ಒರಸಿ ಮುಗಿಯಲೇ ಇಲ್ಲ.

ಕೇಳ್ರಿ, ಇದೂ ಸಾಲಲಿಲ್ಲ.
ಆ ದತ್ತಿ ಬಹುಮಾನ, ಕನ್ನಡದೊಳಗ ಹೆಚ್ಚು ಮಾರ್ಕ್ಸಿನದು,
ನನಗಽ ಇತ್ತು.
ನನ್ನ ಹೆಸರು ನಾನಽ ಕೂಗಿ
ನಾನಽ ಹೋಗಿ ನಿಂತೆ, ಪ್ಯಾಂಟು ಹಿಡಕೊಂಡು.
ನೂರಾ ಒಂದು ರೂಪಾಯಿ ಪಾಕೀಟು ಕೊಟ್ಟ ಕೈ
ಬೆಚ್ಚಗಿತ್ತು.
ಒಂದು ಮಾತಾಡಲಿಲ್ಲ ಮನುಷ್ಯ.
ವಾಪಸ ಕೂಡೂ ಮುಂದ
ಮಾಲಿ ಮಾತ್ರ ತಗದು ಕುರ್ಚಿ ಕೆಳಗಿಟ್ಟರು.

ಹತ್ತನೇತ್ತೆ ಮುಗಿಯೋತನಕ ನಾನು ಯಮ.
ಮಾಸ್ತರ ಹಾಜರಿ ಕೂಗಿದರ
ಹಿಂದಿನ ಬೆಂಚಿನಿಂದ ಕ್ವಾಣ ಒದರತಿತ್ತು.
ಬಾಕಳೆಯವರ ಅಂಗಡಿ ಇದ್ದ ಓಣಿ ಬಿಟ್ಟು
ಸುತ್ತು ಹಾಕಿ ಮನಿ ಸೇರತಿದ್ದೆ.
ಮೈಕಿನ ಮುಂದ ಮತ್ತ ನಿಂತಿಲ್ಲ.
ನನ್ನ ನಿಕಾದಾಗೂ 'ಕಬೂಲ್' ಅಂದದ್ದು
ಖಾಜಿ ಸಾಹೇಬರಿಗೆ ಕೇಳಿಸಲಿಲ್ಲಂತ
ಮತ್ತೊಮ್ಮೆ ಹೇಳಿಸಿದರು.

ಬಾಯಿ ಬ್ಯಾಡಾತು, ಬೆರಳಿಗೆ ಬಂದೆ.
ಪ್ರೆಸ್ಸಿನೊಳಗ ಮೊದಲು ಮೊಳೆ, ಈಗ ಕಂಪ್ಯೂಟರು;
ಲಗ್ನಪತ್ರಿಕಿ, ಬಿಲ್ ಬುಕ್ಕು, ಊರ ಮಂದಿಯ ಸಾವು.

ಮೊನ್ನೆ ಬೋಳಿಸಿದ ತಲಿಯ ಗಂಡಸೊಬ್ಬ ಬಂದ.
ಹದಿಮೂರನೇ ದಿನದ ಕಾರ್ಡು, ಮುನ್ನೂರು ಪ್ರತಿ.
ಫೋಟೋ ಕೊಟ್ಟ.
ಬೆಚ್ಚಗಿನ ಕೈ ಫೋಟೋದಾಗಿರಲಿಲ್ಲ,
ಎದಿತನಕ ಅಷ್ಟಽ.

ಪ್ರೂಫು ತಗದು ಕೊಟ್ಟೆ. ನಿಧಾನ ಓದಿದ.
ಹೆಸರಿನ ಹಿಂದ ಬೆರಳಿಟ್ಟು ಅಂದ:
'ಇಲ್ಲೆ ಒಂದಕ್ಷರ ಬಿಟ್ಟೀರಿ.'
'ಏನ್ರಿ?' ಅಂದೆ.
ಮೂವತ್ತೊಂದು ವರ್ಷದ ಕಸುಬಿನವ, ಕೇಳಿದೆ.
ಅವ ನನ್ನ ಮುಖ ನೋಡಿದ. ಹೇಳಲಿಕ್ಕೆ ಅವನಿಗೂ ಆಗಲಿಲ್ಲ.

ಒತ್ತಿದೆ.
ಎರಡನೇ ಪ್ರೂಫು ಬಂತು.
ಚುಕ್ಕಿ ಬಿದ್ದದೋ ಇಲ್ಲೋ ಅಂತ
ಕಿಡಕಿ ಬೆಳಕಿಗೆ ಹಿಡಿದು ನೋಡಿದೆ.