ಸಂಬಂಧ: ಅಜ್ಜಿ

ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಮ್ಮ ಕೋಣೆ.
ವಿಮೆಯ ಕಡತ, ಡಿಸ್ಚಾರ್ಜ್ ಚೀಟಿ,
ಡಾಕ್ಟರರ ಕಾಗೆಕಾಲು ಗುಬ್ಬಿಕಾಲು
ಅಚ್ಚುಕಟ್ಟು ಪತ್ರವಾಗಿ ಎದ್ದು ನಿಲ್ಲುವ ಜಾಗ.
ಮೂರು ಮೇಜು ನಮಗೆ, ಒಂದು ಪ್ರಿಂಟರಿಗೆ.
ಫ್ಯಾನು ಒಂದೇ. ಗಾಳಿ ಪ್ರಿಂಟರಿಗೆ.

ಯುಗಾದಿ ಮುಗಿದ ವಾರದಿಂದ
ಹಾಲೇಶ ನಾಲ್ಕೂವರೆಗೆ ಎದ್ದು ಹೋಗುತ್ತಾನೆ,
ಹೋಗುವಾಗ ಬಾಚಣಿಗೆ ತೆಗೆದು ತಲೆ ಬಾಚುತ್ತಾನೆ.
ಅವನ ಪಾಲಿನ ನಲವತ್ತು ಕಡತ ಮುಗಿದಿರುತ್ತವೆ.
ನನ್ನವು ಇಪ್ಪತ್ತೆರಡು. ರುಬೀನಾಳವು ಹತ್ತೊಂಬತ್ತು.
ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ,
ಪಾಪ, ಊಟ ಬಿಟ್ಟು ಟೈಪ್ ಮಾಡುತ್ತಾನೆ
ಅಂದುಕೊಂಡಿದ್ದೆವು.

ಆಮೇಲೆ ಗೊತ್ತಾಯಿತು, ತರಬೇತಿ ಆಗಿತ್ತಂತೆ,
ಮೂರನೇ ಮಹಡಿಯಲ್ಲಿ, ಎರಡು ಶನಿವಾರ,
ಉಪ್ಪಿಟ್ಟು ಕೇಸರಿಬಾತ್ ಸಮೇತ.
ಪಟ್ಟಿಯಲ್ಲಿ ಕಾಯಂ ಆದವರ ಹೆಸರು.
ಹನ್ನೊಂದು ವರ್ಷದಿಂದ ನಾನು ಗುತ್ತಿಗೆ;
ನಮ್ಮ ಪಟ್ಟಿ ಬೇರೆ ಬೀರುವಿನಲ್ಲಿರುತ್ತದೆ.
ಕೇಸರಿಬಾತ್ ಮಾತ್ರ ಕೆಳಗೂ ಇಳಿದಿತ್ತು,
ಉಳಿದದ್ದು, ಪೇಪರ್ ತಟ್ಟೆಯಲ್ಲಿ.
ಯಾರ ಹುಟ್ಟುಹಬ್ಬವೋ ಅಂತ ತಿಂದೆವು.

ಅಪ್ಪ ಕಾಟನ್ ಮಿಲ್ಲಿನಲ್ಲಿದ್ದ.
ಹೊಸ ಮಗ್ಗ ಬಂದಾಗ ಎಂಟು ಜನರನ್ನು
ಕೊಯಮತ್ತೂರಿಗೆ ಕಳಿಸಿದರಂತೆ, ಕಲಿಯಲಿಕ್ಕೆ.
ಅಪ್ಪನ ಹೆಸರು ಒಂಬತ್ತನೆಯದು.
ಇದನ್ನು ಅವನು ಹೇಳುತ್ತಿದ್ದುದು
ಮಂಡಕ್ಕಿ ಭಟ್ಟಿಯ ಮುಂದೆ ಕೂತು,
ಮಿಲ್ಲು ಬಿಟ್ಟ ಮೇಲೆ ಹಿಡಿದ ಕೆಲಸದಲ್ಲಿ,
ಬೆವರು ಒರೆಸುತ್ತ, ಸಿಟ್ಟಿಲ್ಲದೆ.
ಅವನಿಗೆ ಸಿಟ್ಟಿಲ್ಲದ್ದೇ ನನಗೆ ಸಿಟ್ಟು.

ಹಾಲೇಶನನ್ನು ಕೇಳಿದೆ. "ಹೇಳಿಕೊಡೋ" ಅಂದೆ.
"ಪಾಸ್‌ವರ್ಡ್ ಐತ್ರಿ ತಿಪ್ಪಮ್ಮಕ್ಕ, ಹಂಗೆಲ್ಲ ಕೊಡಂಗಿಲ್ಲ."
ಕಣ್ಣು ನೆಲದ ಮೇಲೆ. ಕೆಟ್ಟವನಲ್ಲ.
ಎಲ್ಲರೂ ನಲವತ್ತು ಮಾಡಿಬಿಟ್ಟರೆ
ಅವನ ನಲವತ್ತಕ್ಕೆ ಯಾವ ಬೆಲೆ?
ಮೂರು ಮೇಜಾದರೂ ಯಾಕೆ ಬೇಕು?
ಇಷ್ಟು ಲೆಕ್ಕ ಅವನೂ ಹಾಕಿದ್ದ.

ಆಷಾಢದಲ್ಲಿ ಒಂದು ಕ್ಲೇಮು ವಾಪಸ್ ಬಂತು.
ರೋಗಿ: ಮುರಿಗೆಮ್ಮ. ವಯಸ್ಸು: ಮೂವತ್ತೊಂದು.
ಪಿತ್ತಕೋಶದಲ್ಲಿ ಕಲ್ಲು. ಊರು: ಖಾಲಿ.
ಸಂಬಂಧ: ಅಜ್ಜಿ.
ಹಾಲೇಶ ಬೆವೆತ. ಯಂತ್ರವನ್ನು ಮತ್ತೆ ಕೇಳಿದ.
ಅದು ಬಹಳ ವಿನಯದಿಂದ ಕ್ಷಮೆ ಬೇಡಿ
ಮತ್ತೆ ಅಜ್ಜಿ ಎಂದೇ ಬರೆಯಿತು.

ನಾನು ಮೂಲ ಚೀಟಿ ಎಳೆದು ನೋಡಿದೆ. ನಕ್ಕುಬಿಟ್ಟೆ.
"ಕೊಂಡಜ್ಜಿ ಕಣೋ! ಊರು. ಕೆರೆ ಐತಲ್ಲ,
ಹರಿಹರದ ಕಡೆ, ಸ್ಕೌಟ್ ಹುಡುಗರು ಹೋಗ್ತಾರಲ್ಲ.
ಮೂವತ್ತೊಂದರ ಹೆಂಗಸನ್ನ
ಯಾರಿಗೋ ಅಜ್ಜಿ ಮಾಡಿ ಕೂರಿಸೈತೆ ನಿನ್ನ ಮಿಷಿನ್ನು.
ನಾಳೆ ಮಾಯಕೊಂಡದವರು ಬಂದರೆ
ಕಾಣೆಯಾದವರ ಪಟ್ಟಿಗೆ ಸೇರಿಸ್ತದೆ."

ತರಬೇತಿಯಲ್ಲಿ ಇದು ಬಂದಿರಲಿಲ್ಲವಂತೆ.
ಎಲ್ಲಿ ಒತ್ತಬೇಕು ಅಂತ ಹೇಳಿದರು,
ಎಲ್ಲಿ ನಂಬಬಾರದು ಅನ್ನುವಷ್ಟರಲ್ಲಿ
ಉಪ್ಪಿಟ್ಟು ಬಂದಿತ್ತು.

ಸೋಮವಾರದಿಂದ ಮಧ್ಯಾಹ್ನ ಒಂದೂವರೆಗೆ
ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತೇವೆ.
ರುಬೀನಾ ಡಬ್ಬಿ ತೆರೆಯುತ್ತಾಳೆ, ಹಾಲೇಶ ಪರದೆ.
ಹೇಗೆ ಕೇಳಬೇಕೆಂದು ಅವನು ತೋರಿಸುತ್ತಾನೆ,
ಅದು ಸುಳ್ಳು ಹೇಳಿದಾಗ ನಾನು ಮೇಜು ಕುಟ್ಟುತ್ತೇನೆ.
ಪಾಸ್‌ವರ್ಡು ಅವನ ಮಗಳ ಹೆಸರು. ಮಗು ಹುಟ್ಟುವ ಮೊದಲೇ ಇಟ್ಟದ್ದು.

ನಿನ್ನೆ ಮೂವತ್ತನಾಲ್ಕು ಮುಗಿಸಿ ಐದಕ್ಕೆ ಎದ್ದೆ.
ಹೊಂಡದ ಸರ್ಕಲ್ಲಿನಲ್ಲಿ ಇಷ್ಟು ಬಿಸಿಲಿರುತ್ತದೆಂದು
ಮರೆತೇ ಹೋಗಿತ್ತು. ಏನು ಮಾಡಲೂ ತೋಚದೆ
ಎರಡು ಮೆಣಸಿನಕಾಯಿ ಬಜ್ಜಿ ತಿಂದೆ, ನಿಂತುಕೊಂಡೇ.

ಇವತ್ತು ಮೂರನೇ ಮಹಡಿಯಿಂದ ಇಬ್ಬರು ಬಂದು
ಟೇಪು ಹಿಡಿದು ಕೋಣೆ ಅಳೆದು ಹೋದರು.
ಯಾಕೆಂದು ಕೇಳಲು ನಾನು ಬಾಯಿ ತೆರೆದೆ.
ಹಾಲೇಶ ಬಾಚಣಿಗೆ ತೆಗೆದ,
ನೋಡಿ, ಮತ್ತೆ ಜೇಬಿಗಿಟ್ಟ.