ಷರಾ

ಮೂರು ದಿನದೊಳಗೆ ಪಟ್ಟಿ ಕಳಿಸಬೇಕೆಂದು ಮೇಲಿನಿಂದ ಪತ್ರ:
ವಿಲೇವಾರಿಗೆ ಯೋಗ್ಯವಾದ ಪುಸ್ತಕಗಳು.
ಹರಿದವು, ಗೆದ್ದಲು ತಿಂದವು, ಗೀಚಿದವು,
ಒಂದೊಂದಕ್ಕೂ ಒಂದು ಕಲಮು. ಕೊನೆಯಲ್ಲಿ ಷರಾ.

ಕಾರವಾರದ ಅರಣ್ಯ ಕಚೇರಿಯ ಹಿಂಬದಿ,
ಜಪ್ತಿಯಾದ ಕೊಡಲಿಗಳನ್ನು ಪೇರಿಸಿಡುತ್ತಿದ್ದ ಕೋಣೆ
ಈಗ ವಾಚನಾಲಯ. ಓದುವವರಿಲ್ಲ ಅನ್ನುವಂತಿಲ್ಲ,
ಬೆಳ್ಳಿಹುಳಗಳಿವೆ, ಸಾಲು ಬಿಡದೆ ಓದುತ್ತವೆ.
ನಾನು, ವಿಮಲಾ ಹರಿಕಂತ್ರ, ದಿನಗೂಲಿ,
ಹನ್ನೊಂದು ವರ್ಷದಿಂದ ಇವುಗಳ ಧೂಳು ಹೊಡೆದವಳು.
ನಮ್ಮ ಮನೆಯಲ್ಲಿ ಪುಸ್ತಕವೆಂದರೆ
ದೋಣಿಸಾಲದ ಪಾಸ್‌ಬುಕ್ಕು.

ಮೊದಲು ದಪ್ಪನೆಯವು, ಕಾರ್ಯಯೋಜನೆಗಳು.
ತೇಗ ಇಷ್ಟು ಘನ ಅಡಿ, ಮತ್ತಿ ಇಷ್ಟು, ಹೊನ್ನೆ ಇಷ್ಟು.
ಹುಲಿ ‘ಉಪದ್ರವ’ದ ತಲೆಬರಹದ ಕೆಳಗೆ,
ಇಲಿಯ ಪಕ್ಕದಲ್ಲಿ.
ಎರಡು ಸಂಪುಟ ದಾಟಿದರೆ ಅದೇ ಹುಲಿ
‘ಸಂರಕ್ಷಣೆ’ಯ ಅಧ್ಯಾಯಕ್ಕೆ ವರ್ಗವಾಗಿದೆ.
ಹುಲಿಗೆ ತಿಳಿಸಿದರೋ ಇಲ್ಲವೋ
ದಾಖಲೆಯಿಲ್ಲ.

ಆಮೇಲೆ ಕೈಗೆ ಬಂದದ್ದು ಹಕ್ಕಿ ಪುಸ್ತಕ.
ಬೆನ್ನು ಬಿಟ್ಟು ಹೋಗಿ, ಮೈದಾ ಅಂಟಿನಲ್ಲಿ ಕೂಡಿಸಿದ್ದು.
ಬಿಚ್ಚಿದರೆ ಸೀಮೆಎಣ್ಣೆಯ ವಾಸನೆ.
ಒಯ್ದವರ ಚೀಟಿಯಲ್ಲಿ ಒಂದೇ ಹೆಸರು, ಹದಿನೇಳು ಸಲ:
ಕೈತಾನ್ ಸಿದ್ದಿ, ವಾಚರ್, ಕದ್ರಾ.

ಪುಟದ ಅಂಚಿಗೆಲ್ಲ ಅವನ ಪೆನ್ಸಿಲ್ಲು.
ಮಂಗಟ್ಟೆಯ ಚಿತ್ರದ ಕೆಳಗೆ:
‘ರೆಕ್ಕೆಯ ಸದ್ದು ಬರೆದಿಲ್ಲ. ಘಟ್ಟ ಹತ್ತುವ ಲಾರಿಯ ಉಸಿರು.’
ಕಪ್ಪೆಬಾಯಿಗೆ: ‘ಕಂಡೆ ಅನ್ನುವವನು ಒಣಎಲೆ ಕಂಡಿರುತ್ತಾನೆ.
ನಾನೂ.’
ಪುಸ್ತಕ ಹೇಳುತ್ತದೆ,
ಮಳೆಗಾಲದಲ್ಲಿ ಈ ಹಕ್ಕಿ ಇಲ್ಲಿ ಕಾಣಸಿಗದು.
ಪಕ್ಕದಲ್ಲಿ: ‘ಸಿಕ್ಕಿತು. ಬುಧವಾರ.’
ಅಷ್ಟೆ. ವಾದವಿಲ್ಲ.

ಗೂಬೆಯ ಪುಟದಲ್ಲಿ ಅಕ್ಷರ ಒತ್ತಿ ಬರೆದಿದ್ದಾನೆ:
‘ಮಗಳಿಗೆ ಜ್ವರ. ರಾತ್ರಿ ಡ್ಯೂಟಿ ಬದಲಿಸಿ ಅಂದೆ, ಬದಲಿಸಲಿಲ್ಲ.
ಇದು ಎರಡು ಸಲ ಕೂಗಿತು.
ಅದರ ಪಾಡಿಗೆ ಕೂಗಿತು, ಅರ್ಥ ಏನಿಲ್ಲ.’
ಕೆಳಗೆ, ಮೊನೆ ಚೂಪಾದ ಬೇರೆ ಪೆನ್ಸಿಲ್ಲಿನಲ್ಲಿ:
‘ಬಿಟ್ಟಿತು.’

ಅಷ್ಟು ಹೊತ್ತು ನಾನು ಕೂತದ್ದು ನಿಂತದ್ದು ತಿಳಿಯಲಿಲ್ಲ.
ಚಹಾ ಆರಿ ಕೆನೆ ಕಟ್ಟಿತ್ತು.

ಉಲ್ಲಂಕಿಗಳ ಪುಟ. ಕಂದು, ಕಂದು, ಇನ್ನೂ ಒಂದು ಕಂದು.
‘ಎಲ್ಲ ಒಂದೇ ಥರ. ನನಗೆ ಗೊತ್ತಿಲ್ಲ.
ಕಡಲಿನವರನ್ನು ಕೇಳಬೇಕು.’

ಕಡಲಿನವರು.
ಅಂದರೆ ನಾನು.

ಸಂಜೆ ಕೋಡಿಬಾಗದಲ್ಲಿ ಇಳಿದೆ, ಪುಸ್ತಕ ಸೆರಗಿನೊಳಗೆ.
ಕಾಳಿ ಕಡಲಿಗೆ ಸೇರುವಲ್ಲಿ ಮರಳು ಮೈ ಬಿಟ್ಟಿತ್ತು.
ಓಡುತ್ತಿದ್ದವು, ಹುಟ್ಟಿದಂದಿನಿಂದ ಕಂಡ ಅವೇ.
ಚಿತ್ರದಲ್ಲಿ ಎಲ್ಲವೂ ನಿಂತಿವೆ,
ನನ್ನವು ಒಂದಾದರೂ ನಿಂತರೆ ತಾನೆ.
ಕಾಲು ಹಳದಿಯೋ ಹಸಿರೋ,
ಕೊಕ್ಕು ನೆಟ್ಟಗೋ ಸೊಟ್ಟಗೋ,
ನಲವತ್ತು ವರ್ಷ ನೋಡಿಯೂ ನೋಡಿಲ್ಲ ನಾನು.

ಮೊಣಕಾಲು ನೀರಲ್ಲಿ ಬಳಚು ಹೆಕ್ಕುತ್ತಿದ್ದ
ಮಂಕಾಳಿ ಅತ್ತೆಯನ್ನು ಕೇಳಿದೆ.
‘ಅದಕ್ಕೇನು ಹೆಸರು ಮಾರಾಯ್ತಿ?
ನೀರು ಇಳೀವಾಗ ಬತ್ತದೆ.
ಅದು ಕುಕ್ಕಿದಲ್ಲಿ ನಾ ಕೈ ಹಾಕ್ತೆ.’
ಬುಟ್ಟಿ ತುಂಬಿತ್ತು.

ಮರುದಿನ ಕಚೇರಿಯ ಪೆನ್ಸಿಲ್ಲು ಕೆತ್ತಿ
ಅವನ ಸಾಲಿನ ಕೆಳಗೆ, ಅಕ್ಷರ ಸಣ್ಣ ಮಾಡಿ, ಬರೆದೆ:
‘ಕೇಳಿದೆ. ಅವರಿಗೂ ಹೆಸರು ಗೊತ್ತಿಲ್ಲ.
ಹಿಂದೆ ಹೋದರೆ ಬಳಚು ಸಿಗುತ್ತದಂತೆ.’

ಪಟ್ಟಿ ಕಳಿಸಿದೆ.
ಗೀಚಿದವು: ಒಂದು.
ಷರಾ: ಬಳಕೆಯಲ್ಲಿದೆ.

ಕದ್ರಾ ರೇಂಜಿಗೆ ಫೋನು ಹಚ್ಚಿದೆ, ಅವನಿನ್ನೂ ಇದ್ದಾನೋ ಎಂದು.
ರಿಂಗಾಗುತ್ತಲೇ ಇತ್ತು.
ಕಿಟಕಿಯಾಚೆ ಜೆಟ್ಟಿಯ ಕಂಬದ ಮೇಲೆ
ಏನೋ ಒಂದು ಬಂದು ಕೂತಿತು, ನನಗೆ ಬೆನ್ನು ಹಾಕಿ.
ರಿಸೀವರನ್ನು ಹೆಗಲಿಗೆ ಸಿಕ್ಕಿಸಿಕೊಂಡು
ಪುಟ ಹುಡುಕತೊಡಗಿದೆ.